ಕತೆಯನ್ನು ತಿದ್ದಿದ ಅಕ್ಕೋರು

ಅಕ್ಕೋರ ಮನೆಯ ಟಿವಿಯ ಧ್ವನಿ ತಗ್ಗಿಸುವ ಅಧಿಕಾರ ಬೇರೆ ಯಾರಿಗೂ ಇರಲಿಲ್ಲ. ರಿಮೋಟ್ ಸದಾ ಅವರ ಎಡಗೈಯಲ್ಲಿ. ತೆರೆಯ ಮೇಲೆ ಯಾರೋ ಉರ್ದುವಿನಲ್ಲಿ ನಾಲ್ಕು ಮಾತು ಆಡಿದ ಕೂಡಲೇ ಅಕ್ಕೋರು ಗುಂಡಿ ಒತ್ತಿ ಧ್ವನಿ ನಿಲ್ಲಿಸುತ್ತಿದ್ದರು. ಚಾಪೆಯ ಮೇಲೆ ಕುಳಿತ ಹೆಂಗಸರ ಕಡೆ ತಿರುಗಿ ಅದನ್ನು ಕನ್ನಡದಲ್ಲಿ ಹೇಳಿ, ಮತ್ತೆ ಧ್ವನಿ ಬಿಡುತ್ತಿದ್ದರು. ಅವರು ಹೇಳುತ್ತಿರುವಷ್ಟು ಹೊತ್ತು ತೆರೆಯ ಮೇಲಿನವರು ಸುಮ್ಮನೆ ಬಾಯಿ ಆಡಿಸುತ್ತಿದ್ದರು. ಆ ಮಾತುಗಳು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವನ್ನು ಅಕ್ಕೋರು ತಾವೇ ಊಹಿಸಿ ತುಂಬುತ್ತಿದ್ದರು.

ಇದು ಬನಹಟ್ಟಿಯ ಒಂದು ನೇಕಾರ ಓಣಿಯ ಮಾತು. ಆಗ ನಾನು ಒಂದು ದಿನಪತ್ರಿಕೆಯ ತಾಲ್ಲೂಕು ವರದಿಗಾರ. ಅಕ್ಕೋರ ಪಕ್ಕದ ಮನೆಯಲ್ಲಿ ಹೆಂಡತಿಯೊಂದಿಗೆ ಬಾಡಿಗೆಗೆ ಇದ್ದೆ. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಅವರು ಜಮಖಂಡಿಯವರು. ಉರ್ದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿ ಈ ಓಣಿಯಲ್ಲೇ ಉಳಿದುಕೊಂಡಿದ್ದರು. ಗಂಡ ತೀರಿಹೋಗಿದ್ದರು, ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಮುಸಲ್ಮಾನರ ಮನೆಯವರು ಅವರನ್ನು ಆಪಾ ಎನ್ನುತ್ತಿದ್ದರು, ಉಳಿದವರು, ಈ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅನ್ನುವಂತೆ, ಅಕ್ಕೋರು ಎನ್ನುತ್ತಿದ್ದರು. ಕಳೆದ ತಿಂಗಳು ತೀರಿಕೊಂಡರು. ಜಿಲ್ಲಾ ಪುಟದ ನಿಧನವಾರ್ತೆಯನ್ನು ನಾನೇ ಬರೆದು ಕಳಿಸಿದೆ. ವಯಸ್ಸು, ಹುದ್ದೆ, ಬಂಧುಬಳಗ, ಅಂತ್ಯಕ್ರಿಯೆ ಎಲ್ಲ ಅದರಲ್ಲಿವೆ. ಇಲ್ಲಿ ಹೆಸರು ಹಾಕುತ್ತಿಲ್ಲ. ಹಿಂದೊಮ್ಮೆ ಅವರ ಬಗ್ಗೆ ಬರೆಯುತ್ತೇನೆ ಎಂದಾಗ, "ಹೆಸರು ಹಾಕಬ್ಯಾಡ್ರಿ. ಮಂದಿ ಹೆಸರು ಓದಿ ಕೆಳಗಿಂದು ಬಿಟ್ಟಬಿಡ್ತಾರ" ಎಂದಿದ್ದರು.

ಆ ಉರ್ದು ಧಾರಾವಾಹಿ ಕೇಬಲಿನಲ್ಲಿ ವಾರಕ್ಕೊಮ್ಮೆ ಸಂಜೆ ಬರುತ್ತಿತ್ತು. ಪ್ರತಿ ವಾರ ಹೊಸ ಕತೆ, ಹೊಸ ಮನೆ, ಹೊಸ ಅನ್ಯಾಯ. ಒಂದು ವಾರ ವರದಕ್ಷಿಣೆ, ಇನ್ನೊಂದು ವಾರ ಶಾಲೆ ಬಿಡಿಸಿದ ಹುಡುಗಿ, ಮತ್ತೊಂದು ವಾರ ಮಕ್ಕಳಾಗಲಿಲ್ಲವೆಂದು ಹೊರಗೆ ಹಾಕಿದ ಸೊಸೆ. ಬಹುತೇಕ ಕತೆಗಳಲ್ಲಿ ಕೊನೆಗೆ ಅನ್ಯಾಯವೇ ಗೆಲ್ಲುತ್ತಿತ್ತು. ನೋಡಿದವರಿಗೆ ಸಿಟ್ಟು ಬರಲಿ ಎಂಬುದು ಅದನ್ನು ಮಾಡಿದವರ ಉದ್ದೇಶವಿರಬೇಕು. ಓಣಿಯ ಮುಸಲ್ಮಾನ ಹೆಂಗಸರಿಗೆ ಮಾತು ತಿಳಿಯುತ್ತಿತ್ತು. ಲಿಂಗಾಯತ ನೇಕಾರರ ಮನೆಯ ಹೆಂಗಸರಿಗೆ ಬಟ್ಟೆ, ಒಡವೆ, ಅಳು ಇವಿಷ್ಟೇ ತಿಳಿಯುತ್ತಿದ್ದವು. ಆದರೂ ಹೆಚ್ಚು ಸಂಖ್ಯೆಯಲ್ಲಿ ಬರುತ್ತಿದ್ದವರು ಅವರೇ. ಸೀರೆಯ ಸೆರಗಿಗೆ ಗೊಂಡೆ ಕಟ್ಟುವ ಕೆಲಸವನ್ನು ಮಡಿಲಲ್ಲಿಟ್ಟುಕೊಂಡೇ ಬಂದು ಕೂರುತ್ತಿದ್ದರು. ಗಂಡಸರು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು, ತಾವು ಗಾಳಿಗೆ ಬಂದವರೆಂಬಂತೆ ನೋಡುತ್ತಿದ್ದರು. ನಾನೂ ಅಲ್ಲೇ. ನನಗೆ ಹಿಂದಿ ಬರುತ್ತಿದ್ದರಿಂದ ಉರ್ದು ಹೆಚ್ಚುಕಡಿಮೆ ತಿಳಿಯುತ್ತಿತ್ತು.

ಕತೆ ಮುಗಿದ ಮೇಲೆ ಶಾಲೆ ಶುರುವಾಗುತ್ತಿತ್ತು.

"ಹೇಳ್ರಿ, ಇದರಾಗ ತಪ್ಪು ಯಾರದು? ಕೈ ಎತ್ತಿ ಹೇಳ್ರಿ."

ಸುಮ್ಮನಿದ್ದವರನ್ನು ಅವರು ಎಬ್ಬಿಸಿ ನಿಲ್ಲಿಸುತ್ತಿದ್ದರು. ಒಮ್ಮೆ ಎದುರುಮನೆಯ ಖಾಲಾ ಎಂಬ ಮುದುಕಿ, ಎಲೆಅಡಿಕೆ ತುಂಬಿದ ಬಾಯಿಯಿಂದ ಉತ್ತರ ಕೊಡಲಾಗದೆ ಕೈಸನ್ನೆ ಮಾಡಿದರು. ಅಕ್ಕೋರು ಅವರನ್ನೂ ನಿಲ್ಲಿಸಿದರು.

"ಯಾ ಅಲ್ಲಾ, ಈ ವಯಸ್ಸಿಗೆ ನಿಂದರಸ್ತಿ? ಮಣಕಾಲು ನೋಡ ನಂದು!"

"ಮಣಕಾಲು ಸುಮ್ಮನ ಐತಿ ಖಾಲಾ. ಬಾಯಿ ಕೆಲಸಾ ಮಾಡಾಕತ್ತೈತಿ. ಎಲಿ ಉಗುಳಿ ಬಂದು ಉತ್ತರಾ ಹೇಳ್ರಿ."

ಖಾಲಾ ಉಗುಳಿ ಬಂದು ಹೇಳಿದರು: "ಅತ್ತಿದು ತಪ್ಪು. ಆದ್ರ ಆಕಿನೂ ಮೊದಲ ಸೊಸಿ ಆಗಿದ್ಲಲ್ಲ, ಆಕಿಗೆ ಯಾರು ಏನ್ ಮಾಡಿದ್ರೋ." ಅಕ್ಕೋರು ಅದಕ್ಕೆ ಪೂರ್ಣ ಅಂಕ ಕೊಟ್ಟರು.

ಕರೆಂಟು ಹೋದರೆ ಮಗ್ಗಗಳೆಲ್ಲ ಒಮ್ಮೆಗೇ ನಿಂತು, ಓಣಿಯಲ್ಲಿ ಕಿವಿ ಕಿವುಡಾದಂಥ ಮೌನ ಬೀಳುತ್ತಿತ್ತು. ಟಿವಿಯೂ ಆರುತ್ತಿತ್ತು. ಕತೆ ಮಾತ್ರ ನಿಲ್ಲುತ್ತಿರಲಿಲ್ಲ. ಅಕ್ಕೋರು ಕಂದೀಲು ಹಚ್ಚಿಟ್ಟು, ಬಿಟ್ಟ ಜಾಗದಿಂದ ಮುಂದೆ ತಮಗೆ ತೋಚಿದಂತೆ ಹೇಳಿ ಮುಗಿಸುತ್ತಿದ್ದರು. ನಿಜವಾದ ಕೊನೆ ಏನಾಗಿತ್ತೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ.

ಅವರು ನಡೆಯುವುದು ನಿಧಾನ, ಬೆನ್ನು ಹತ್ತುವುದು ಬಿಡದೆ. ನಾಲ್ಕು ಮಗ್ಗಗಳ ಮಾಲೀಕನೊಬ್ಬ ಮಗಳನ್ನು ಏಳನೆಯ ಇಯತ್ತೆಗೇ ಶಾಲೆ ಬಿಡಿಸಿದ್ದ. ಅಕ್ಕೋರು ದಿನಾ ಬೆಳಿಗ್ಗೆ ಅವನ ಅಂಗಳದಲ್ಲಿ ಹೋಗಿ ಕೂರತೊಡಗಿದರು. ಬೈಯಲಿಲ್ಲ, ಬೇಡಲಿಲ್ಲ. ಚಹಾ ಕೊಟ್ಟರೆ ಕುಡಿದರು, ಕೊಡದಿದ್ದರೆ ಸುಮ್ಮನೆ ಕುಳಿತರು. ಕೊನೆಗೆ ಆತ, "ಏನ್ರಿ ಅಕ್ಕೋರ, ತಿಮ್ಮಾಪುರದ ನಾಯಿ ಹತ್ತಿದಂಗ ಬೆನ್ನ ಹತ್ತೀರಲ್ಲ!" ಎಂದನಂತೆ. ತಿಮ್ಮಾಪುರವೆಂದರೆ ಮುಧೋಳ ತಳಿಯ ಬೇಟೆನಾಯಿ ಸಾಕುವ ಊರು. ಹುಡುಗಿ ಮರುದಿನ ಶಾಲೆಗೆ ಹೋದಳು. ಅಕ್ಕೋರು ಈ ಮಾತನ್ನು ಓಣಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು. "ಬರೇ ನಾಯಿ ಅಂದಿದ್ರ ಸಿಟ್ಟು ಬರ್ತಿತ್ತು. ಮುಧೋಳ ನಾಯಿ ಅಂದಾನ. ಅದು ಮರ್ಯಾದಿ."

ನನ್ನ ಪತ್ರಿಕೆಯನ್ನು ಅವರು ದಿನಾ ಓದುತ್ತಿದ್ದರು. ಒಂದು ದಿನ ಗೋಡೆಯಾಚೆಯಿಂದ ಕರೆ ಬಂತು. ಹೋದೆ. ಮುಧೋಳ ಕಡೆಯ ಒಬ್ಬ ಹೆಣ್ಣುಮಗಳು ಬಾವಿಗೆ ಬಿದ್ದ ಸುದ್ದಿ ಅವರ ತೊಡೆಯ ಮೇಲಿತ್ತು. ಹೊಟ್ಟೆನೋವು ತಾಳಲಾರದೆ ಎಂದು, ಠಾಣೆಯಲ್ಲಿ ಹೇಳಿದಂತೆ, ಅದರಲ್ಲಿ ಅಚ್ಚಾಗಿತ್ತು.

"ಪೇಪರ ಸಾಹೇಬ್ರ, ಒಂದು ಕೇಳ್ತೇನಿ. ಈ ಜಿಲ್ಲಾದಾಗ ಬರೇ ಹೆಣ್ಮಕ್ಕಳಿಗಷ್ಟ ಯಾಕ್ರಿ ಹೊಟ್ಟಿನೋವು?"

ಅದಾದ ಮೇಲೆ ಆ ಸಾಲು ಬರೆಯಬೇಕಾದಾಗ ಯಾರು ಹೇಳಿದರು ಎಂಬುದನ್ನೂ ಜೊತೆಗೆ ಬರೆಯುತ್ತ ಬಂದಿದ್ದೇನೆ.

ಅದೇ ಓಣಿಯ ಕೊನೆಯ ಖೋಲಿಯಲ್ಲಿ ನೀಲವ್ವ ಇದ್ದಳು. ಗಂಡ ಸತ್ತು ಕೆಲವು ವರ್ಷವಾಗಿತ್ತು, ಒಬ್ಬಳೇ ಮಗಳು. ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಜೀವನ ಮಾಡುತ್ತಿದ್ದಳು. ಖೋಲಿಯ ಮಾಲೀಕ ಎರಡು ಸಲ ಬಿಡಲು ಹೇಳಿದ್ದ. ಅವಳ ತವರು ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರು. ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ಕಾಲ ಅದು. ಊರು ಮುಳುಗುವುದು ಖಚಿತವಾಗಿತ್ತು. ಊರಿನವರಿಗೆ ಮೇಲೆ, ದಿಬ್ಬದ ಮೇಲೆ, ಹೊಸ ಊರಿನಲ್ಲಿ ಜಾಗ ಕೊಡುತ್ತಿದ್ದರು. ನೀಲವ್ವನ ಅಪ್ಪ ತೀರಿಹೋಗಿದ್ದ. ಮನೆ ಹೊಲಗಳಿಗೆ ವಾರಸುದಾರರು ಇಬ್ಬರು ಅಣ್ಣಂದಿರು ಮತ್ತು ಅವಳು. ಅವಳ ಸಹಿ ಇಲ್ಲದೆ ಹೊಸ ಜಾಗ ಅಣ್ಣಂದಿರಿಬ್ಬರ ಹೆಸರಿಗೆ ಆಗುವಂತಿರಲಿಲ್ಲ.

ಈ ಕಡೆ ಇದಕ್ಕೊಂದು ಪದ್ಧತಿಯಿದೆ. ಅಣ್ಣಂದಿರು ನಾಗರ ಪಂಚಮಿಗೆ ಸೀರೆ, ಕುಬಸ, ಕೊಬ್ಬರಿ, ಉಂಡೆ ತಂದು ತಂಗಿಯ ಉಡಿ ತುಂಬುತ್ತಾರೆ. ಉಡಿ ತುಂಬಿಸಿಕೊಂಡ ತಂಗಿ ಅದೇ ಕೂತ ಜಾಗದಲ್ಲಿ, ನನಗೇನೂ ಬೇಡ ಎಂದು ಸಹಿ ಮಾಡುತ್ತಾಳೆ. ಕೇಳುವವರಿಗೂ ನಾಚಿಕೆಯಿಲ್ಲ, ಕೊಡುವವಳಿಗೂ ನೋವಿಲ್ಲ ಎಂಬಂತೆ ಅದು ನಡೆದುಹೋಗುತ್ತದೆ. ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಮತ್ತೆ ಯಾರೂ ಹಬ್ಬಕ್ಕೆ ಕರೆಯಲು ಬರುವುದಿಲ್ಲ. ಗಂಡನಿಲ್ಲದ ನೀಲವ್ವನಿಗೆ ಆ ಹೆದರಿಕೆ ಉಳಿದವರಿಗಿಂತ ಹೆಚ್ಚಾಗಿತ್ತು. ತನ್ನದೆಂಬ ಒಂದು ಸೂರು ಬೇಕು, ತವರೂ ಬೇಕು. ಎರಡೂ ಸಿಗುವುದನ್ನು ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಪಂಚಮಿ ಹತ್ತಿರ ಬಂದಿತ್ತು. ಅಣ್ಣಂದಿರು ಬರುವುದಾಗಿ ಹೇಳಿ ಕಳಿಸಿದ್ದರು. ಗಂಡ ಸತ್ತ ಹೆಣ್ಣುಮಗಳಿಗೂ ಉಡಿ ತುಂಬುವ ರೂಢಿ ಅವರ ಮನೆಯಲ್ಲಿತ್ತು. ನೀಲವ್ವ ಸಹಿ ಹಾಕುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಅವಳೂ ಹಾಗೇ ಹೇಳಿದ್ದಳು.

ಆ ವಾರ ಧಾರಾವಾಹಿಯಲ್ಲಿ ಬಂದದ್ದು ಒಬ್ಬ ತಂಗಿಯ ಕತೆ. ದೊಡ್ಡ ಹವೇಲಿ, ಇಬ್ಬರು ಅಣ್ಣಂದಿರು, ನಡುವೆ ಒಂದು ಕಾಗದ. ದೊಡ್ಡಣ್ಣ ತಂದೆಯ ಹೆಸರು ತೆಗೆದು ಕಣ್ಣೀರು ಹಾಕಿದ. ತಂಗಿ ಸುಮ್ಮನೆ ಲೇಖನಿ ತೆಗೆದುಕೊಂಡಳು. ನಿಮ್ಮ ಸಂತೋಷವೇ ನನ್ನ ಪಾಲು ಎಂದು ಹೇಳಿ ಸಹಿ ಮಾಡಿದಳು. ಕಿಟಕಿಯ ಹೊರಗೆ ಕುಳಿತ ನನಗೆ ಇಷ್ಟು ಸ್ಪಷ್ಟವಾಗಿ ಕೇಳಿಸಿತು. ಸಹಿ ಮಾಡಿದ ತಂಗಿ ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ಅಳತೊಡಗಿದಳು.

ಅಕ್ಕೋರು ಧ್ವನಿ ನಿಲ್ಲಿಸಿದರು. ಆಮೇಲೆ ಎಂದಿನ ದನಿಯಲ್ಲೇ ಹೇಳಿದರು:

"ತಂಗಿ ಪೆನ್ ತಗೊಂಡ್ಲು. ಅಣ್ಣಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ, ಆದ್ರ ಅಪ್ಪನ ಮನ್ಯಾಗ ನನ್ನ ಪಾಲು ನನಗ ಬೇಕು ಅಂದ್ಲು. ಹಂಗಂತ ಬರದು ಸಹಿ ಮಾಡಿದ್ಲು."

ಚಾಪೆಯ ಮೇಲೆ ಗೊಂಡೆ ಕಟ್ಟುತ್ತಿದ್ದ ಕೈಗಳು ನಿಂತವು. ಖಾಲಾನ ಪಕ್ಕದಲ್ಲಿದ್ದ ಅವರ ಸೊಸೆ, "ಆಪಾ, ಅವಳು..." ಎಂದು ಬಾಯಿ ತೆರೆದಳು. ಖಾಲಾ ಅವಳ ತೊಡೆ ಚಿವುಟಿದರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ, ಯಾರೂ ಕೇಳದಿದ್ದರೂ, "ಹೌದವಾ, ಹಂಗ ಬರದಾಳ. ನಾನೂ ನೋಡಿದ್ನಿ" ಎಂದರು.

"ಮತ್ತ ಅಳಾಕತ್ತಾಳಲ್ಲ?" ಯಾರೋ ಕೇಳಿದರು.

"ಖುಷಿಗೆ" ಎಂದರು ಅಕ್ಕೋರು.

ನೀಲವ್ವ ತೆರೆಯನ್ನೇ ನೋಡುತ್ತಿದ್ದಳು. ಆ ದಿನ ತಪ್ಪು ಯಾರದು ಎಂದು ಅಕ್ಕೋರು ಕೇಳಲಿಲ್ಲ. ಎಲ್ಲರನ್ನೂ ಮನೆಗೆ ಕಳಿಸಿದರು.

ವರದಿಗಾರನಿಗೆ ಹೇಳಿದ್ದನ್ನು ಹೇಳಿದಂತೆ ದಾಖಲಿಸುವುದು ಅಭ್ಯಾಸ. ಮರುದಿನ ನಾನು ಅವರನ್ನು ಕೇಳಿದೆ.

"ಅಕ್ಕೋರ, ಆಕಿ ಹಂಗ ಹೇಳಲಿಲ್ಲಲ್ರಿ?"

"ಇಲ್ರಿ."

"ಮತ್ತ ನೀವು ಹಂಗ ಹೇಳಿದ್ರಿ?"

"ಇಷ್ಟ ವರ್ಷ ಸಾಲಿ ಕಲಿಸೀನ್ರಿ. ಹುಡುಗೂರು ತಪ್ಪು ಬರದ್ರ ನಾವೇನ್ ಮಾಡ್ತೀವಿ? ತಿದ್ದತೀವಿ. ಆ ಕತಿ ಬರದಾವ ತಪ್ಪು ಬರದಿದ್ದ. ತಿದ್ದೀನಿ."

"ಆತ ಇದ್ದದ್ದು ಇದ್ದಂಗ ತೋರಿಸ್ಯಾನ್ರಿ. ಅನ್ಯಾಯ ಆಗ್ತದ ಅಂತ."

"ಅನ್ಯಾಯ ಆಗ್ತದ ಅನ್ನೂದು ಈ ಓಣ್ಯಾಗ ಯಾರಿಗೆ ಗೊತ್ತಿಲ್ರಿ? ಅದನ್ನ ನೋಡಾಕ ನನ್ನ ಮನಿಗೆ ಬರಬೇಕೇನು?" ಎಂದು ಅವರು ಚಹಾ ಸೋಸಲು ಒಳಗೆ ಹೋದರು. ಒಳಗಿನಿಂದಲೇ, "ಪೇಪರಿನ್ಯಾಗ ಮಾತ್ರ ಹಾಕಬ್ಯಾಡ್ರಿ ಮತ್ತ" ಎಂದರು. ಹಾಕಲಿಲ್ಲ.

ಪಂಚಮಿಯ ದಿನ ಅಣ್ಣಂದಿರು ಬಂದರು. ಒಳ್ಳೆಯ ಮನುಷ್ಯರೇ. ದೊಡ್ಡಣ್ಣನ ಕೈಯಲ್ಲಿ ಹೊಸ ಸೀರೆಯ ಗಂಟು, ಉಂಡೆಯ ಡಬ್ಬಿ. ಚಿಕ್ಕಣ್ಣನ ಕಿಸೆಯಲ್ಲಿ ಕಾಗದ. ಓಣಿಯ ಹೆಂಗಸರಿಗೆಲ್ಲ ಅದೇ ಹೊತ್ತಿಗೆ ಬಾಗಿಲು ಸಾರಿಸುವ, ಕಾಳು ಹಸನು ಮಾಡುವ ಕೆಲಸ ನೆನಪಾಗಿತ್ತು. ನಾನು ನಮ್ಮ ಕಟ್ಟೆಯ ಮೇಲಿದ್ದೆ. ನೀಲವ್ವ ಅಣ್ಣಂದಿರಿಗೆ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿದಳು.

"ಕೂಡವಾ, ಮೊದಲ ಉಡಿ ತುಂಬತೀವಿ" ಎಂದ ದೊಡ್ಡಣ್ಣ. "ಆಮ್ಯಾಲ ಇಲ್ಲೊಂದು ಸಹಿ. ಮುಗಿಸಿ ಊರಿಗೆ ಹೋಗೂಣು. ನಿನ್ನ ವೈನಿ ಹೋಳಿಗಿ ಮಾಡ್ಯಾಳ."

"ಉಡಿ ತುಂಬ್ರಿ ಅಣ್ಣಾ. ತುಂಬಿಸ್ಕೋತೀನಿ. ಸಹಿ ಹಾಕಂಗಿಲ್ಲ."

ಅಣ್ಣನಿಗೆ ಅರ್ಥವಾಗಲಿಲ್ಲ. "ಹಾಕಾಕ ಬರಂಗಿಲ್ಲಂದ್ರ ಹೆಬ್ಬಟ್ಟು ಒತ್ತವಾ."

"ಬರತೈತಿ. ಹಾಕಂಗಿಲ್ಲ. ನನಗ ಜಾಗಾ ಬೇಕು. ಮಗಳನ್ನ ಕಟಗೊಂಡು ಮಂದಿ ಖೋಲ್ಯಾಗ ಎಷ್ಟು ದಿನಾ ಇರಲಿ?"

ಚಿಕ್ಕಣ್ಣ ಎದ್ದು ನಿಂತ. "ಯಾರ ಕಲಿಸ್ಯಾರ ನಿನಗಿದನ್ನ?"

ದೊಡ್ಡಣ್ಣನ ದನಿ ಇಳಿಯಿತು. "ನೋಡ ತಂಗೀ, ತವರಮನಿ ಬಾಗಲಾ ನೀನ ಮುಚಗೊಳ್ಳಾಕತ್ತಿ."

"ಯಾವ ಬಾಗಲಾ ಅಣ್ಣಾ?" ಎಂದಳು ನೀಲವ್ವ. "ಆ ಬಾಗಲಾ ನೀರಾಗ ಮುಳಗಾಕತ್ತೈತಿ. ಹೊಸಾ ಮನಿಗೆ ನೀವು ಇನ್ನೂ ಬಾಗಲಾ ಇಟ್ಟಿಲ್ಲ. ಇಡೂಕಿಂತ ಮೊದಲ ಕೇಳಾಕತ್ತೇನಿ, ಮುಚ್ಚೂದು ಹೆಂಗಾಗ್ತೈತಿ?"

ಅಣ್ಣಂದಿರು ಸೀರೆಯ ಗಂಟು, ಡಬ್ಬಿ ಎತ್ತಿಕೊಂಡು ಹೊರಟುಹೋದರು. ಅವರು ತಿರುವು ದಾಟುವ ತನಕ ನೆಟ್ಟಗೆ ನಿಂತಿದ್ದ ನೀಲವ್ವ ಆಮೇಲೆ ಹೊಸ್ತಿಲ ಮೇಲೆ ಕುಸಿದು ಕುಳಿತು ಅತ್ತಳು. ಅಕ್ಕೋರು ತಮ್ಮ ಮನೆಯಿಂದ ಒಂದು ಕುಬಸದ ಖಣ, ಕೊಬ್ಬರಿ ಬಟ್ಟಲು ತಂದರು. ಉಡಿ ತುಂಬುವ ಕ್ರಮ ಅವರಿಗೆ ಗೊತ್ತಿರಲಿಲ್ಲ. "ಹೆಂಗ ತುಂಬೂದು ತೋರಸ್ರಿ" ಎಂದು ನನ್ನ ಹೆಂಡತಿಯನ್ನು ಕೇಳಿ, ಅವಳು ಹೇಳಿದಂತೆ ತುಂಬಿದರು. ಅವರಾದ ಮೇಲೆ ಓಣಿಯ ಉಳಿದವರು ಒಬ್ಬೊಬ್ಬರಾಗಿ ಬಂದರು. ಖಾಲಾ ತಂದದ್ದು ಎಲೆಅಡಿಕೆ. ಆ ಪಂಚಮಿಗೆ ನೀಲವ್ವನ ಉಡಿ ಹಿಡಿಯದಷ್ಟು ತುಂಬಿತು.

ಮುಂದೆ ಬೀಳಗಿಗೆ ಓಡಾಟ ಶುರುವಾಯಿತು. ನೀಲವ್ವನ ಜೊತೆ ಅಕ್ಕೋರೂ ಬಸ್ಸು ಹತ್ತುತ್ತಿದ್ದರು. ಕಚೇರಿಯ ಗುಮಾಸ್ತ ಒಮ್ಮೆ, "ಅಮ್ಮಾರ, ನೀವು ಇವರಿಗೇನಾಗಬೇಕು?" ಎಂದು ಕೇಳಿದನಂತೆ. ಬುರ್ಖಾದ ಮುಸುಕು ಹಿಂದೆ ಸರಿಸಿ ಅಕ್ಕೋರು, "ನಾ ಆಕಿ ಮಾಸ್ತರು" ಎಂದರಂತೆ. ಅವನು ನಾಳೆ ಬನ್ನಿ ಎಂದರೆ ಇವರು ನಾಳೆ ಹೋಗುತ್ತಿದ್ದರು. ಅಂಥವರನ್ನು ನೋಡಿ ಅವನಿಗೆ ರೂಢಿಯಿರಲಿಲ್ಲ. ಚಿಕ್ಕಪಡಸಲಗಿಯಲ್ಲಿ ರೈತರು ಯಾರ ದಾರಿಯನ್ನೂ ಕಾಯದೆ ಹೊಳೆಗೆ ತಾವೇ ಒಡ್ಡು ಕಟ್ಟಿಕೊಂಡದ್ದನ್ನು ಅವರು ಬಸ್ಸಿನಲ್ಲಿ ನೀಲವ್ವನಿಗೆ ಹೇಳುತ್ತಿದ್ದರಂತೆ. "ಹೊಳಿ ಸೈತ ಕೇಳಿತು ಮಂದಿ ಮಾತು. ಈ ಗುಮಾಸ್ತ ಹುಡುಗ ಕೇಳಂಗಿಲ್ಲೇನು?"

ಅಣ್ಣಂದಿರು ಮೊದಮೊದಲು ಮುಖ ತಿರುಗಿಸಿಕೊಂಡೇ ಇದ್ದರು. ನಡುವೆ ಆದದ್ದನ್ನು ಅಕ್ಕೋರೂ ಎಣಿಸಿರಲಿಲ್ಲ. ದೊಡ್ಡಣ್ಣನ ಹೆಂಡತಿಯ ತವರೂ ಮುಳುಗಡೆಯ ಊರೇ. ಅವಳ ಅಣ್ಣ ಅದೇ ಸೀರೆ, ಅದೇ ಕಾಗದ ಹಿಡಿದು ಬಂದಾಗ ಅವಳು ನಾದಿನಿಯ ಮಾತನ್ನೇ ಅಕ್ಷರ ಬಿಡದೆ ಹೇಳಿದಳು: ನಾನೂ ಹಾಕಂಗಿಲ್ಲ. ದೊಡ್ಡಣ್ಣನಿಗೆ ಮೂರು ದಿನ ಮನೆಯಲ್ಲಿ ಬಾಯಿ ಬರಲಿಲ್ಲ. ಹೆಂಡತಿಯ ಪಾಲಿನ ಜಾಗ ಬರುವ ಲಕ್ಷಣ ಕಂಡ ಮೇಲೆ ಬಂತು. ಆಮೇಲೆ ಕಟ್ಟೆಯ ಮೇಲೆ ಕುಳಿತು ಊರವರಿಗೆ, ಹೆಣ್ಣುಮಕ್ಕಳ ಪಾಲು ಹೆಣ್ಣುಮಕ್ಕಳಿಗೆ ಕೊಡಲೇಬೇಕು, ಅದು ನ್ಯಾಯ ಎಂದು ತಿಳಿಹೇಳತೊಡಗಿದ. ಈ ಸುದ್ದಿ ತಂದ ನೀಲವ್ವನಿಗೆ ನಗು ತಡೆಯಲಾಗಲಿಲ್ಲ. "ನಮ್ಮಣ್ಣ ಈಗ ನಿಮಗಿಂತ ಛಲೋ ಭಾಷಣಾ ಮಾಡತಾನ್ರಿ ಅಕ್ಕೋರ." ಆ ಊರಿನಲ್ಲಿ ಆಮೇಲೆ ಉಡಿ ತುಂಬಲು ಹೋದ ಅಣ್ಣಂದಿರಲ್ಲಿ ಹಲವರು ಕಾಗದವನ್ನು ಹೊರಗೆ ತೆಗೆಯಲಿಲ್ಲ.

ನೀಲವ್ವನಿಗೆ ಹೊಸ ಊರಿನಲ್ಲಿ, ಅಣ್ಣಂದಿರ ಮನೆಗಳ ಸಾಲಿನಲ್ಲೇ, ಜಾಗ ಸಿಕ್ಕಿತು. ಎರಡು ಖೋಲಿಯ ಮನೆ ಎದ್ದಿತು. ಮನೆ ಹೊಕ್ಕುವ ದಿನ ಓಣಿಯವರೆಲ್ಲ ಒಂದು ಟೆಂಪೋ ಮಾಡಿಕೊಂಡು ಹೋದೆವು. ಗಿಡಗಳಿಲ್ಲದ ಊರು, ಬಿಳಿ ಮಣ್ಣಿನ ರಸ್ತೆಗಳು. ದಿಬ್ಬದ ಅಂಚಿನಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರ ನೀರು. ಹೊಸ ಬಾಗಿಲಿಗೆ ಇನ್ನೂ ಬಣ್ಣದ ವಾಸನೆ ಇತ್ತು. ನೀಲವ್ವನ ಮಗಳು ಬಂದವರಿಗೆಲ್ಲ ಅದನ್ನು ತೆರೆದು ಮುಚ್ಚಿ ತೋರಿಸುತ್ತಿದ್ದಳು.

ಅಕ್ಕೋರನ್ನು ಕುರ್ಚಿಯ ಮೇಲೆ ಕೂರಿಸಿ ನೀಲವ್ವ ಕಾಲ ಬಳಿ ಕುಳಿತಳು. ನಾನು ಪಕ್ಕದಲ್ಲೇ ಇದ್ದೆ. ಅಕ್ಕೋರ ಮನಸ್ಸಿನಲ್ಲಿ ಆ ಸಂಜೆಯ ಕತೆ ಉಳಿದಿತ್ತೆಂದು ಕಾಣುತ್ತದೆ. ನನ್ನ ಕಡೆ ಒಮ್ಮೆ ನೋಡಿ, ಹೇಳಿಯೇಬಿಟ್ಟರು.

"ನೀಲವ್ವಾ, ಆವತ್ತು ಟಿವ್ಯಾಗ ಆ ತಂಗಿ ಪಾಲು ಕೇಳಿರಲಿಲ್ಲವಾ. ಬಿಟ್ಟುಕೊಟ್ಟು ಸಹಿ ಮಾಡಿದ್ಲು. ನಾ ಸುಳ್ಳ ಹೇಳಿದ್ನಿ."

"ಗೊತ್ತಿತ್ರಿ."

ಅಕ್ಕೋರು ಅವಳನ್ನೇ ನೋಡಿದರು. "ಯಾರ ಹೇಳಿದ್ರು? ಖಾಲಾ?"

"ಯಾರೂ ಹೇಳಲಿಲ್ರಿ. ಆಕಿ ಅಳೂದು ಕಂಡಿತಲ್ರಿ. ಗೆದ್ದಾಕಿ ಹಂಗ ಅಳಂಗಿಲ್ಲ. ಸೋತಾಕಿ ಹೆಂಗ ಅಳತಾಳ ನನಗೆ ಗೊತ್ತೈತಿ."

"ಖರೆ ಗೊತ್ತಿದ್ದೂ ಸಹಿ ಹಾಕಲಿಲ್ಲ? ಹೆದರಿಕಿ ಬರಲಿಲ್ಲೇನ ನಿನಗ?"

"ಬಂತ್ರಿ. ಆದ್ರ ಓಣಿ ಮಂದಿ ಎಲ್ಲಾರ ಮುಂದ ನೀವು ಆಕಿ ಗೆದ್ಲು ಅಂತ ಹೇಳಿಬಿಟ್ಟಿದ್ರಿ. ಸಾಲಿ ಕಲಿಸಿದ ಅಕ್ಕೋರು ಸುಳ್ಳ ಹೇಳಿದ್ರು ಅಂತ ಆಗಬಾರದಲ್ರಿ? ಯಾರರೆ ಒಬ್ರು ಅದನ್ನ ಖರೆ ಮಾಡಬೇಕಾಗಿತ್ತು."

ಇಷ್ಟು ಹೇಳಿ ನೀಲವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. ಅಂಗಳದಲ್ಲಿ ಎಲೆ ಹಾಕಿಯಾಗಿತ್ತು. ದೊಡ್ಡಣ್ಣ ಹೋಳಿಗೆಯ ಬುಟ್ಟಿ, ಚಿಕ್ಕಣ್ಣ ತುಪ್ಪದ ಗಿಂಡಿ ಹಿಡಿದು ಬಡಿಸಲು ನಿಂತಿದ್ದರು. ಅಕ್ಕೋರು ಇನ್ನೂ ಕುರ್ಚಿಯಲ್ಲೇ ಇದ್ದರು.

"ಏಳ್ರಿ ಅಕ್ಕೋರ, ಊಟಕ್ಕ" ಎಂದು ನೀಲವ್ವ ಕೈ ಚಾಚಿದಳು. "ನನ್ನ ಮನ್ಯಾಗ ನಾ ಕರ್ಯಾಕತ್ತೇನಿ."